ಎಡ ಎರಡನೇ ಹಿಡಿಗಾಲು

ಆ ಕಾಲು ಹಾರಿಹೋದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಗಂಟೆ ನೆನಪಿದೆ, ಏಕೆಂದರೆ ಪ್ರತಿ ಕಾಲು ತೆಗೆದಾಗಲೂ ಪ್ರಯೋಗಾಲಯದ ಬೆಂಚಿನ ಪುಸ್ತಕದಲ್ಲಿ ಹೊತ್ತು ಬರೆದಿಡುವುದು ನನ್ನ ಅಭ್ಯಾಸ. ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸಕ್ಕೆ ಬಂದವಳು ನಾನು. ಹಗಲು ಓದಿದವರಿಗೆಲ್ಲ ಗೊತ್ತಿರುವ ಏನೋ ಒಂದು ನನಗೆ ತಪ್ಪಿಹೋಗಿದೆ ಎಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೆ.

ಆ ಪುಟದಲ್ಲಿ ಈಗಲೂ ಹೀಗಿದೆ: 'ಹನ್ನೊಂದು ಗಂಟೆ. ಎಡ ಎರಡನೇ ಹಿಡಿಗಾಲು. ತೆಗೆದು ಸ್ಲೈಡಿಗೆ ಹಾಕಿದೆ.' ತೆಗೆದದ್ದು ನಿಜ. ಸ್ಲೈಡಿಗೆ ಹಾಕಿದ್ದು ಅದನ್ನಲ್ಲ.

ನಾವು ನೋಡುತ್ತಿದ್ದ ಪ್ರಾಣಿ ಅಕ್ಕಿಕಾಳಿಗಿಂತ ಚಿಕ್ಕದು. ಸೀಗಡಿಯ ದೂರದ ನೆಂಟ. ಬೆನ್ನು ಬಾಗಿಸಿ, ಪಕ್ಕಕ್ಕೆ ಚಪ್ಪಟೆಯಾಗಿ, ಕಡಲ ಪಾಚಿಯ ನಡುವೆ ಬದುಕುತ್ತದೆ. ಆಂಫಿಪಾಡ್ ಎನ್ನುತ್ತಾರೆ. ಅವುಗಳ ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಮಡಚುವ ಕೈಯಂಥದ್ದು ಇರುತ್ತದೆ, ಅದೇ ಹಿಡಿಗಾಲು. ಗಂಡಿನ ಎರಡನೇ ಹಿಡಿಗಾಲನ್ನು ನೋಡಿಯೇ ಇದು ಯಾವ ಕುಲದ್ದು ಎಂದು ಹೇಳುವುದು. ಮನುಷ್ಯರಲ್ಲಿ ಮುಖ ಇದ್ದಹಾಗೆ.

ನಮ್ಮ ಕಡಲಜೀವಿ ಕೇಂದ್ರದ ಹಿರಿಯ ವಿಜ್ಞಾನಿ ಡಾ. ನಫೀಸಾ ಶಾಬಂದ್ರಿ ಮೇಡಂ ವಿದ್ಯಾರ್ಥಿನಿಯಾಗಿದ್ದಾಗ, ಮೂವತ್ತೆಂಟು ವರ್ಷದ ಹಿಂದೆ, ನಮ್ಮೂರ ಅಳಿವೆಯ ಪಾಚಿಯಿಂದ ಒಂದು ಬಾಟಲಿ ತುಂಬಿಸಿ ಫಾರ್ಮಲಿನ್ ಹಾಕಿಟ್ಟಿದ್ದರು. ಅದರಲ್ಲಿ ಬೇರೆ ಬೇರೆ ಬಗೆಯ ಹುಳುಗಳ ಜೊತೆ ಇವು ಹತ್ತು ಇದ್ದವು. ಒಂಬತ್ತು ಹೆಣ್ಣು, ಒಂದು ಗಂಡು. ಆ ಗಂಡಿಗೂ ಬಲಗಡೆಯ ಹಿಡಿಗಾಲು ಯಾವಾಗಲೋ ಉದುರಿಹೋಗಿತ್ತು. ಉಳಿದದ್ದು ಎಡಗಡೆಯದು ಒಂದೇ.

ಮೇಡಂ ಕಣ್ಣಿಗೆ ಪೊರೆ ಬಂದು ಸೂಜಿ ಹಿಡಿಯುವ ಕೆಲಸ ನನಗೆ ಬಿಟ್ಟಿದ್ದರು. ನಾನು ಸೂಜಿಯಿಂದ ಆ ಕಾಲಿನ ಬುಡ ಒತ್ತಿದೆ. ಟಿಕ್ ಎಂದಂತಾಯಿತು. ಸೂಕ್ಷ್ಮದರ್ಶಕದ ಬೆಳಕಿನ ವೃತ್ತದಿಂದ ಅದು ಹೊರಗೆ ಹಾರಿತು. ಗ್ಲಿಸರಿನ್ ಬಟ್ಟಲಲ್ಲಿ ಹುಡುಕಿದೆ, ಮೇಜಿನ ಮೇಲೆ, ನನ್ನ ಸೆರಗಿನಲ್ಲಿ, ನೆಲದಲ್ಲಿ ಟಾರ್ಚ್ ಹಾಕಿ ಹುಡುಕಿದೆ. ಎರಡು ತಾಸು. ಕೂದಲಿನ ಚೂರಿನಷ್ಟಿರುವ ಕಾಲು ಎಲ್ಲಿ ಸಿಗಬೇಕು?

ಆಗ ನನ್ನ ಕೈ ಒಂದು ಕೆಲಸ ಮಾಡಿತು. ಕೈ ಎನ್ನುತ್ತೇನೆ; ನಾನೇ.

ನನ್ನ ಅಮ್ಮ ಮಾದೇವಿ ಇಪ್ಪತ್ತೆರಡು ವರ್ಷ ಸೀಗಡಿ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ನಾನೂ ಶಾಲೆ ಬಿಟ್ಟ ಮೇಲೆ ಅವಳ ಪಕ್ಕ ಕೂರುತ್ತಿದ್ದೆ. ತಲೆ ಸಮೇತ ಇರುವ ದೊಡ್ಡ ಸೀಗಡಿಗೆ ಒಂದು ಪೆಟ್ಟಿಗೆ, ತಲೆ ಹೋದದ್ದಕ್ಕೆ ಇನ್ನೊಂದು. ಕೈ ಜಾರಿ ತಲೆ ಕಿತ್ತುಬಂದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅದಕ್ಕೆ ಹೆಂಗಸರು ಯಾವುದೋ ತಲೆಯನ್ನು ಯಾವುದೋ ಮೈಗೆ ಒತ್ತಿ, ಐಸಿನಡಿ ಇಟ್ಟುಬಿಡುತ್ತಿದ್ದರು. ಹೆಪ್ಪುಗಟ್ಟಿದರೆ ಎರಡೂ ಒಂದೇ. ಅದಕ್ಕೆ ಅವರು 'ತಲೆ ಕೂಡಿಸುವುದು' ಎನ್ನುತ್ತಿದ್ದರು. ಕೂಡಿಸುವುದರಲ್ಲಿ ಅಮ್ಮನ ಕೈಯನ್ನು ಮೀರಿಸಿದವರಿಲ್ಲ. ನನ್ನ ಸೂಕ್ಷ್ಮ ಕೈ ಬಂದದ್ದೇ ಅಲ್ಲಿಂದ.

ಹಳೆಯ ಬಾಟಲಿಗಳ ತಳದಲ್ಲಿ ಉದುರಿದ ಕಾಲುಗಳ ಕಸ ಇದ್ದೇ ಇರುತ್ತದೆ. ಅದರಲ್ಲಿ ಒಂದು ಬಲಗಡೆಯ ಹಿಡಿಗಾಲು ಸಿಕ್ಕಿತು. ದಪ್ಪ ಅಂಗೈ, ಅಂಚಿನಲ್ಲಿ ಒಂದು ಕೋರೆಹಲ್ಲು. ಈ ಗಂಡಿನದೇ ಉದುರಿಹೋದ ಬಲಗಾಲು ಇದೇ ಇರಬಹುದು ಎಂದುಕೊಂಡೆ. ಇರಬಹುದಲ್ಲ? ಒಂದೇ ಪಾಚಿ, ಒಂದೇ ದಿನ, ಒಂದೇ ಬಾಟಲಿ. ಸ್ಲೈಡಿನ ಮೇಲೆ ಅದನ್ನು ಮಗುಚಿ ಹಾಕಿದರೆ ಬಲ ಎಡವಾಗುತ್ತದೆ. ಹಾಕಿದೆ. ಮೇಲೆ ಗಾಜು ಮುಚ್ಚಿ, ಚೀಟಿ ಅಂಟಿಸಿ, ಪುಸ್ತಕದಲ್ಲಿ ಬರೆದೆ.

ಸಂಜೆ, ನಾನು ಬರೆದ ಆ ಕಾಲಿನ ಚಿತ್ರ ನೋಡಿ ಮೇಡಂ ಕುರ್ಚಿಯಿಂದ ಎದ್ದುಬಿಟ್ಟರು.

"ಪ್ರಮೀಳಾ! ಇಂಥ ಮೈಗೆ ಇಂಥ ಕೈ ನಾನು ಎಲ್ಲೂ ನೋಡಿಲ್ಲ. ಇದು ಹೊಸ ಪ್ರಭೇದ ಅಷ್ಟೇ ಅಲ್ಲ. ಹೊಸ ಕುಲ!"

ಆ ಕ್ಷಣದಲ್ಲಿ ಹೇಳಬಹುದಿತ್ತು. ಅದು ಬಲಗಾಲು ಮೇಡಂ, ತಳದಿಂದ ತೆಗೆದದ್ದು ಎಂದು ಒಂದು ವಾಕ್ಯ. ಅವರು ನನ್ನ ಭುಜ ಹಿಡಿದು ಮಗುವಿನ ಹಾಗೆ ಅಲುಗಾಡಿಸುತ್ತಿದ್ದರು. ನಾನು ನಕ್ಕೆ.

ನಾಲ್ಕು ತಿಂಗಳ ನಂತರ ಲೇಖನ ಅಚ್ಚಾಯಿತು. ಹೊಸ ಕುಲಕ್ಕೆ ಅವರು ಇಟ್ಟದ್ದು ನನ್ನದೇ ಹೆಸರು. ಪ್ರಮಿಲೆಲ್ಲಾ. 'ಮೂವತ್ತು ವರ್ಷದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಕೈಗಳ ಗೌರವಾರ್ಥ' ಎಂದು ಕೆಳಗೆ ಬರೆದಿದ್ದರು.

ನನ್ನ ಗಂಡ ಜಟ್ಟಪ್ಪ, ಹತ್ತಾರು ಜನ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯ ಗುಂಪಿನವರು. ಅವರಿಗೆ ಆಂಫಿಪಾಡ್ ಎಂದರೆ ಬಲೆಗೆ ಅಂಟಿ ತುರಿಸುವ ಹುಳು. ಆದರೆ ಹೆಂಡತಿಯ ಹೆಸರು ಪ್ರಪಂಚದ ಪುಸ್ತಕದಲ್ಲಿ ಬಂತೆಂದು ಕೇಳಿ, ಮರುದಿನವೇ ತಮ್ಮ ದೋಣಿಯ ಮೂತಿಗೆ ಹಳದಿ ಬಣ್ಣದಲ್ಲಿ 'ಪ್ರಮಿಲೆಲ್ಲಾ' ಎಂದು ಬರೆಸಿದರು.

"ಇದು ಹುಳದ ಹೆಸ್ರಾ, ಹೆಂಡ್ತಿ ಹೆಸ್ರಾ?" ಎಂದು ಗುಂಪಿನವರು ಕೇಳಿದರಂತೆ.

"ಎರಡೂ ಕಚ್ತದೆ, ಎಂತಾರೂ ಒಂದ್ ಅಂದ್ಕಣಿ" ಎಂದರಂತೆ ಇವರು.

ಎಲ್ಲರೂ ನಕ್ಕರು. ನಾನು ದಡದ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಇದಿಷ್ಟೇ ಆಗಿದ್ದರೆ, ಒಂದು ಕಪಾಟಿನಲ್ಲಿ ಒಂದು ಸುಳ್ಳು ಸ್ಲೈಡ್ ಉಳಿದು ಯಾರಿಗೂ ಏನೂ ಆಗುತ್ತಿರಲಿಲ್ಲವೇನೋ. ಹಿಂದಿನ ಕಾಲದಲ್ಲಿ ಪ್ರಾಣಿಯ ವರ್ಣನೆ ಬರೀ ವರ್ಣನೆಯಾಗಿತ್ತು. ನಮ್ಮ ಕಾಲದಲ್ಲಿ ಹಾಗಿಲ್ಲ.

ಮೂರು ಬಿಸಿ ವರ್ಷಗಳು ಒಂದರ ಮೇಲೊಂದು ಬಂದು ಕಡಲ ನೀರು ಕುದಿಯುವಷ್ಟು ಕಾದಿತ್ತು. ಅಳಿವೆಯಲ್ಲಿದ್ದ ಸಣ್ಣ ಜೀವಿಗಳೆಲ್ಲ ಸತ್ತುಹೋದವು. ಆಮೇಲೆ ನೀರು ತಣಿದು ಪಾಚಿ ಮತ್ತೆ ಬೆಳೆಯಿತು, ಆದರೆ ಅದರ ಮೇಲಿನ ಲೋಳೆಯನ್ನು ಮೇಯುವ ಇವು ಇರಲಿಲ್ಲ. ಪಾಚಿ ಜಿಡ್ಡುಗಟ್ಟಿ ಕೊಳೆಯತೊಡಗಿತು. ಮೀನಿನ ಮರಿಗಳು ಬಂದವು, ತಿನ್ನಲು ಏನೂ ಸಿಗದೆ ಹೋದವು. ರಂಪಣಿ ಎಳೆದರೆ ಜೆಲ್ಲಿ ಮೀನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಅದಕ್ಕೇ ನಮ್ಮ ಕೇಂದ್ರಕ್ಕೆ, ಸತ್ತುಹೋದ ಜೀವಿಗಳನ್ನು ಮತ್ತೆ ಹುಟ್ಟಿಸುವ ಪುನರ್ಜನನ ಘಟಕ ಬಂತು. ನಾವು ಅದನ್ನು ಬಾಣಂತಿ ಕೋಣೆ ಎನ್ನುತ್ತಿದ್ದೆವು. ಫಾರ್ಮಲಿನ್‌ನಲ್ಲಿ ನೆನೆದ ದೇಹದೊಳಗಿನ ವಂಶದ ಬರಹ, ಮಳೆಗೆ ಸಿಕ್ಕ ದಿನಪತ್ರಿಕೆಯಂತೆ ಚೂರುಚೂರಾಗಿರುತ್ತದೆ. ಈ ಯಂತ್ರ ಆ ಚೂರುಗಳನ್ನೇ ಬುನಾದಿ ಮಾಡಿಕೊಂಡು ಹೊಸ ಎಳೆ ಹೆಣೆಯುತ್ತದೆ. ಹೆಣೆಯುತ್ತಾ ಹೋದಂತೆ ಚೂರು ಕರಗಿಹೋಗುತ್ತದೆ, ಪ್ರತಿ ಉಳಿಯುವುದಿಲ್ಲ. ಓದಲಾಗದ ಕಡೆ ಬದುಕಿರುವ ನೆಂಟ ಪ್ರಾಣಿಗಳಿಂದ ಕಡ ತರುತ್ತದೆ. ಯಾವುದನ್ನು ತರಬೇಕು ಎಂದು ತಿಳಿಯುವುದು ಹೇಗೆ? ಅಚ್ಚಾದ ವರ್ಣನೆ ಮತ್ತು ಚಿತ್ರ ನೋಡಿ. ಚಿತ್ರದಂಥ ಮೈ ಬರುವವರೆಗೆ ಅದು ತಿದ್ದುತ್ತದೆ. ಅಂದರೆ ಅರ್ಧ ಪ್ರಾಣಿಯನ್ನು ಓದುತ್ತದೆ, ಅರ್ಧ ನಮ್ಮನ್ನು ಓದುತ್ತದೆ.

ಒಂದು ಸಲಕ್ಕೆ ಮೂರು ದೇಹ ಬೇಕು. ನಮ್ಮಲ್ಲಿದ್ದವು ಒಂಬತ್ತು ಹೆಣ್ಣು. ಗಂಡು, ಹೊಸ ಹೆಸರಿಗೆ ಸಾಕ್ಷಿಯಾಗಿ ಕಾದಿಡಬೇಕಾದ ಮೂಲ ಮಾದರಿ, ಅದನ್ನು ಮುಟ್ಟುವಂತಿರಲಿಲ್ಲ. ಒಟ್ಟು ಮೂರು ಸಲ, ಅಷ್ಟೇ.

ಮೊದಲ ಸಲ ಯಂತ್ರ ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. 'ಗಂಡಿನ ಎರಡನೇ ಹಿಡಿಗಾಲು: ಚೂರುಗಳು ಒಂದು ಹೇಳುತ್ತಿವೆ, ವರ್ಣನೆ ಇನ್ನೊಂದು ಹೇಳುತ್ತಿದೆ. ಯಾವುದನ್ನು ನಂಬಲಿ?' ಕೆಳಗೆ ಎರಡು ಗುಂಡಿ. ಚೂರು. ವರ್ಣನೆ.

"ಚಿತ್ರ ಬರೆದವಳು ನೀನು, ನೀನೇ ಒತ್ತು" ಎಂದರು ಮೇಡಂ, ಸಂಭ್ರಮದಿಂದ. "ಚೂರಿನ ಮಾತಿಗೇನು, ಮೂವತ್ತೆಂಟು ವರ್ಷ ಕೊಳೆತದ್ದು. ನಾವು ಕಣ್ಣಾರೆ ಕಂಡದ್ದು ದೊಡ್ಡದು."

ಅದೇ ಗಂಡಿನ ಬಲಗಾಲೇ ಇರಬಹುದು ಎಂದು ಮತ್ತೊಮ್ಮೆ ಅಂದುಕೊಂಡೆ. ವರ್ಣನೆ ಒತ್ತಿದೆ.

ತೊಟ್ಟಿಗಳನ್ನು ನೋಡಿಕೊಳ್ಳುವವರು ರೋಕಿ ಫರ್ನಾಂಡಿಸ್. ಮೊದಲ ಮರಿಗಳು ಈಜಿದ ದಿನ ಅವರು ಕಾರಿಡಾರಿನಿಂದಲೇ ಕೂಗಿದರು, "ಪ್ರಮೀಳಕ್ಕಾ, ನಿಮ್ಮ ಮಕ್ಕಳು ಹುಟ್ಟಿದ್ವು! ಪೇಡೆ ಎಲ್ಲಿ?"

ಪೇಡೆ ಹಂಚಿದೆ. ಎರಡು ತಿಂಗಳಲ್ಲಿ ಅವರ ಧ್ವನಿ ಬದಲಾಯಿತು.

"ಅಕ್ಕ, ಎಂತದೋ ಸರಿ ಇಲ್ಲ. ನೀವೇ ಬಂದು ನೋಡಿ. ನಿಮ್ಮ ಗಂಡುಮಕ್ಕಳು ಭಾರಿ ಪೋಲಿ ಬಿದ್ದಿದಾರೆ."

ಆಂಫಿಪಾಡ್ ಗಂಡು ಹೆಣ್ಣನ್ನು ಎದೆಯ ಕೆಳಗೆ ಹಿಡಿದುಕೊಂಡು ಕೆಲವು ದಿನ ಹೊತ್ತು ಈಜುತ್ತದೆ. ಹೆಣ್ಣು ಪೊರೆ ಕಳಚಿ ಮೈ ಮೆತ್ತಗಾದಾಗ ಮಾತ್ರ ಕೂಡುವುದು ಸಾಧ್ಯ. ಅಲ್ಲಿಯವರೆಗೆ ಬಿಡದೆ ಹಿಡಿದಿರಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಂಡು ಹಿಡಿದಿತ್ತು. ಆ ದಪ್ಪ ಕೈಯಿಂದ, ಆ ಕೋರೆಹಲ್ಲಿನಿಂದ. ಹೆಣ್ಣು ಪೊರೆ ಬಿಟ್ಟು ಹೊರಗೆ ಬರುತ್ತಿದ್ದಂತೆ ಹಲ್ಲು ಮೆತ್ತನೆಯ ಬೆನ್ನೊಳಗೆ ಇಳಿಯಿತು. ಗಂಡಿಗೆ ಗೊತ್ತೇ ಆಗಲಿಲ್ಲ. ಅದು ಮೂರು ದಿನ ಸತ್ತ ಹೆಣ್ಣನ್ನು ಹೊತ್ತುಕೊಂಡೇ ಈಜಿತು.

"ಎಲ್ಲ ಜೋಡಿಗೂ ಇದೇ ಕಥೆ" ಎಂದರು ರೋಕಿ. "ದೇವರು ಇಂಥ ಕೈ ಕೊಟ್ಟು ಸಂಸಾರ ಮಾಡು ಅಂದ್ರೆ ಹ್ಯಾಗೆ ಅಕ್ಕ?"

ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಆ ವಾರ ನನ್ನ ಮೇಜಿನ ಡ್ರಾಯರ್ ಸ್ವಚ್ಛ ಮಾಡುತ್ತಿದ್ದೆ. ಮೂಲೆಯಲ್ಲಿ ಒಂದು ಹಳೆಯ ಕುಂಚ. ಕಾಲುಗಳನ್ನು ಎತ್ತಿಡಲು ಬಳಸುವಂಥದ್ದು, ಮೂರೇ ಕೂದಲು ಉಳಿಸಿ ಕತ್ತರಿಸಿದ್ದು. ಆ ಬುಧವಾರದ ನಂತರ ಅದನ್ನು ಮುಟ್ಟಲು ಮನಸ್ಸಾಗದೆ ಹೊಸದು ತೆಗೆದುಕೊಂಡಿದ್ದೆ. ತೊಳೆದಿಡೋಣವೆಂದು ನೀರಿನ ಬಟ್ಟಲಿನಲ್ಲಿ ಅದ್ದಿದೆ. ಕೂದಲಿನ ಬುಡದಿಂದ ಏನೋ ಬಿಟ್ಟುಕೊಂಡು ತೇಲಿತು.

ಕಾಲು. ತೆಳ್ಳಗೆ, ಭತ್ತದ ಹೊಟ್ಟಿನಂಥ ಸಣ್ಣ ಅಂಗೈ. ಹಲ್ಲಿಲ್ಲ. ಬುಡ ಓರೆಯಾಗಿ ಮುರಿದಿತ್ತು. ಮೂಲ ಮಾದರಿಯ ಗಂಡನ್ನು ಹೊರತೆಗೆದು ಅದರ ಎಡಗಡೆಯ ಮೋಟನ್ನು ನೋಡಿದೆ. ಅದೂ ಓರೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಡೆದ ಬಳೆಯ ಎರಡು ಚೂರು ಕೂಡುವಂತೆ ಕೂಡಿದವು.

ಇಲ್ಲಿಯವರೆಗೆ ನನ್ನ ಬಳಿ 'ಇರಬಹುದು' ಎಂಬ ಒಂದು ಮಾತಿತ್ತು. ಅದೂ ಹೋಯಿತು.

ಆ ಕಾಲನ್ನು ಬೇರೆ ಸ್ಲೈಡಿಗೆ ಹಾಕಿದೆ. ಚೀಟಿಯ ಮೇಲೆ ಏನೂ ಬರೆಯಲಿಲ್ಲ. ಮನೆಗೆ ತಂದು ಕಪಾಟಿನಲ್ಲಿ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟೆ. ಹದಿನೈದು ದಿನದ ನಂತರ ಎರಡನೇ ಸಲ ಯಂತ್ರ ಓಡಿಸಿದರು. ಮೊದಲ ಸಂತತಿಯಲ್ಲಿ ಹಲ್ಲು ಅಳತೆ ಮೀರಿ ಬೆಳೆದದ್ದು ಬರೀ ಅದೃಷ್ಟ ಕೆಟ್ಟದ್ದಕ್ಕೆ ಎಂದು ಎಲ್ಲರ ನಂಬಿಕೆ. ಮತ್ತೆ ಅದೇ ಪ್ರಶ್ನೆ. ಪಕ್ಕದ ಮೇಜಿನ ಮೇಲೆ ಮೇಡಂ ನಿವೃತ್ತಿಯ ಸಮಾರಂಭದ ಆಮಂತ್ರಣ ಪತ್ರಿಕೆಗಳಿದ್ದವು, ಅವುಗಳ ಮೇಲೆ ನನ್ನ ಚಿತ್ರ, ಆ ಕೋರೆಹಲ್ಲಿನ ಕೈ, ಚಿನ್ನದ ಬಣ್ಣದಲ್ಲಿ.

ವರ್ಣನೆ ಒತ್ತಿದೆ. ಈ ಸಲ ಗೊತ್ತಿದ್ದೇ ಒತ್ತಿದೆ. ಇದನ್ನು ಬರೆಯುವಾಗ ಬೇರೆಲ್ಲದಕ್ಕಿಂತ ಹೆಚ್ಚು ನಾಚಿಕೆಯಾಗುವುದು ಇದೊಂದಕ್ಕೆ.

ಎರಡನೇ ಸಂತತಿಯೂ ಮೊದಲಿನ ದಾರಿ ಹಿಡಿಯಿತು. ಉಳಿದವು ಮೂರು ಹೆಣ್ಣು. ಸೋಮವಾರ ಕೊನೆಯ ಸಲದ ಪ್ರಶ್ನೆ ಬರುವುದಿತ್ತು. ಅದಾದ ಮೇಲೆ ಬಾಟಲಿ ಖಾಲಿ. ಅಳಿವೆಯ ಆ ಪ್ರಾಣಿ ಮತ್ತೆ ಬರುವ ದಾರಿಯೇ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಚಟ್ನಿಗೆಂದು ಒಣಸೀಗಡಿಯ ತಲೆ ಮುರಿಯುತ್ತಿದ್ದಳು. ನಾನು ಪಕ್ಕ ಕೂತೆ. ನನಗೂ ಕೈ ತಾನಾಗಿಯೇ ಓಡಿತು.

"ನಿನ್ ಹುಳ ಎಂತ ಅಂತದೆ ಮಗಾ?" ಎಂದಳು. "ಬಾಣಂತಿ ಕೋಣೆಲಿ ಎಣ್ಣೆ-ನೀರು ಎಲ್ಲಾ ಸಮಾ ಮಾಡ್ತ್ರನೆ?"

"ಸಾಯ್ತಾ ಇದೆ ಅಮ್ಮ."

"ಅಯ್ಯೋ."

"ಅಮ್ಮ, ನೀ ಶೆಡ್ಡಲ್ಲಿ ತಲೆ ಕೂಡಿಸ್ತಿದ್ಯಲ್ಲ..."

ಅವಳ ಮುಖ ಅರಳಿತು. ಅದು ಅವಳ ಇಷ್ಟದ ಕಥೆ. "ಸೂಪ್ರವೈಜರ್ ಟಾರ್ಚ್ ಹಿಡ್ಕಂಡ್ ಬಂದ್ರೂ ಗೊತ್ತಾಗ್ತಿರ್ಲಿಲ್ಲ! ಒಂದ್ಸಲ ಅಂವ ನನ್ ಪೆಟ್ಟಿಗೆ ತೋರ್ಸಿ, ನೋಡಿ, ಕಲೀರಿ ಅಂದಿದ್ದ!"

"ಯಾರಿಗೂ ಸಿಕ್ಕಿಬೀಳ್ಲೇ ಇಲ್ವಾ?"

ಅವಳ ಕೈ ನಿಂತಿತು. ಈ ಪ್ರಶ್ನೆಯನ್ನು ನಾನು ಮೊದಲು ಕೇಳಿರಲಿಲ್ಲ. ಕೇಳುವಷ್ಟು ಜಾಗವನ್ನು ಅವಳ ನಗು ಯಾವತ್ತೂ ಬಿಟ್ಟಿರಲಿಲ್ಲ.

"ಬಿತ್ತು" ಎಂದಳು. "ಐಸ್ ಎಷ್ಟ್ ದಿನ ಇರ್ತದೆ? ಅಲ್ಲಿ ದೂರದ ಊರಲ್ಲಿ ಕರಗ್ತು, ತಲೆ ಎಲ್ಲಾ ಬೇರೆ. ಪೆಟ್ಟಿಗೆ ವಾಪಸ್ ಬಂತು. ಯಾರ್ದು ಅಂತ ಕೇಳಿದ್ರು. ಪೆಟ್ಟಿಗೆ ನಂದು. ನಂಗೆ ಗೊತ್ತಿತ್ತು, ಮೂಲೆಲಿ ನನ್ ನೀಲಿ ದಾರ ಇತ್ತು. ನಾ ಸುಮ್ನಿದ್ದೆ. ಪಕ್ಕದಲ್ಲಿ ಕೂರ್ತಿದ್ದ ಸುಬ್ಬಿನ ಕೆಲ್ಸದಿಂದ ತೆಗೆದ್ರು."

"ಯಾವ ಸುಬ್ಬಿ?"

"ಮೀನು ಪೇಟೆಲಿ ಮೂಲೆಲಿ ಕೂರ್ತದಲ್ಲ, ಕಣ್ಣು ಸ್ವಲ್ಪ ಓರೆ. ಅದು." ಅಮ್ಮ ಒಂದು ಸೀಗಡಿ ತೆಗೆದುಕೊಂಡು ಸುಮ್ಮನೆ ತಿರುಗಿಸಿದಳು. "ನಾ ಆ ಬದಿಂದ ಹೋಗುದಿಲ್ಲ ನೋಡು. ಮೊದ್ಲು ಹಾಲಿನ ಅಂಗಡಿ ಬದಿ ತಿರುಗ್ತೆ."

ನನಗೆ ನೆನಪಾಯಿತು. ಚಿಕ್ಕವಳಿದ್ದಾಗಿನಿಂದ ನಾವು ಮೀನು ಪೇಟೆಗೆ ಯಾವಾಗಲೂ ಸುತ್ತು ಹಾಕಿ, ಹಾಲಿನ ಅಂಗಡಿಯ ಬದಿಯಿಂದಲೇ ಹೋಗುತ್ತಿದ್ದೆವು. ಅದು ಹತ್ತಿರದ ದಾರಿ ಎಂದೇ ನಾನು ತಿಳಿದಿದ್ದೆ.

"ಅಮ್ಮ, ಈಗ ಹೇಳ್ಬಹುದಲ್ಲ ಅವಳಿಗೆ?"

"ಮೂವತ್ತು ವರ್ಷ ಆದ್ಮೇಲೆ ಎಂತ ಹೇಳುದೆ? ಹೇಳಿದ್ರೆ ಆಗ್ಲೇ ಹೇಳ್ಬೇಕಿತ್ತು." ಆಮೇಲೆ ನನ್ನನ್ನು ನೋಡಿದಳು. "ನೀ ಎಂತ ಮಾಡ್ಕಂಡ್ ಬಂದಿದ್ಯೆ?"

ಹೇಳಿದೆ. ಕಪಾಟಿನಿಂದ ಸ್ಲೈಡ್ ತಂದು ಬೆಳಕಿಗೆ ಹಿಡಿದೆ. ಅವಳ ಕಣ್ಣಿಗೆ ಅದು ಗಾಜಿನ ಮೇಲಿನ ಒಂದು ಧೂಳು.

"ಇಷ್ಟೇ ಇಷ್ಟಕ್ಕಾ?" ಎಂದಳು. ನಾನು ತಲೆಯಾಡಿಸಿದೆ. "ನಾ ಕಲ್ಸಿದ್ದು" ಎಂದಳು ಆಮೇಲೆ. ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು. ಸೀಗಡಿ ಅರ್ಧಕ್ಕೆ ಹಾಗೇ ಇತ್ತು.

ಸೋಮವಾರ ಬಾಣಂತಿ ಕೋಣೆಯಲ್ಲಿ ನಾನು, ಮೇಡಂ, ರೋಕಿ ಮೂವರೇ ಇದ್ದೆವು. ಹತ್ತು ಮುಕ್ಕಾಲಿಗೆ ಪ್ರಶ್ನೆ ಬಂತು. ಅದೇ ಅಕ್ಷರ, ಅದೇ ಎರಡು ಗುಂಡಿ. ಯಂತ್ರಕ್ಕೆ ಬೇಸರ ಇಲ್ಲ; ಮೂರನೇ ಸಲವೂ ಮೊದಲ ಸಲದಷ್ಟೇ ತಾಳ್ಮೆಯಿಂದ ಕೇಳಿತು.

"ಒತ್ತು ಪ್ರಮೀಳಾ" ಎಂದರು ಮೇಡಂ.

ಚೂರು ಒತ್ತಿದೆ. ಯಂತ್ರದೊಳಗೆ ಸಣ್ಣಗೆ ಒಂದು ಗುಂಯ್ ಸದ್ದು ಶುರುವಾಯಿತು. ಇನ್ನು ಅದನ್ನು ನಿಲ್ಲಿಸುವಂತಿರಲಿಲ್ಲ.

"ಏನು ಮಾಡಿದೆ? ತಪ್ಪು ಗುಂಡಿ!"

"ಇಲ್ಲ ಮೇಡಂ."

ಚೀಲದಿಂದ ಸ್ಲೈಡ್ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಡೆದದ್ದನ್ನು ಹೇಳಿದೆ. ಕಾಲು ಹಾರಿದ್ದು, ಕಸದಿಂದ ತೆಗೆದದ್ದು, ಮಗುಚಿ ಹಾಕಿದ್ದು, ಕುಂಚದಲ್ಲಿ ಸಿಕ್ಕಿದ್ದು, ಎರಡನೇ ಸಲ ಗೊತ್ತಿದ್ದೂ ಒತ್ತಿದ್ದು. ಕ್ರಮವಾಗಿ ಹೇಳಿದೆ, ಗಂಟೆ ಸಮೇತ. ರೋಕಿ ಮೆಲ್ಲಗೆ ಬಾಗಿಲು ತೆಗೆದುಕೊಂಡು ಹೊರಗೆ ಹೋದರು.

ಮೇಡಂ ಕನ್ನಡಕ ತೆಗೆದು, ಕಣ್ಣನ್ನು ಬಹಳ ಹೊತ್ತು ಗಾಜಿಗೆ ಒತ್ತಿ ನೋಡಿದರು. ಅವರಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಬೆಳಕು ಹೆಚ್ಚು ಮಾಡಿದರು, ಕಡಿಮೆ ಮಾಡಿದರು.

"ಇದು ಹಳೆಯ ಕುಲವೇ" ಎಂದರು ಕೊನೆಗೆ. "ನೂರು ವರ್ಷದಿಂದ ಎಲ್ಲರಿಗೂ ಗೊತ್ತಿರುವುದು. ಹೊಸತೇನೂ ಇಲ್ಲ."

"ಹೌದು ಮೇಡಂ."

"ಆರು ಹೆಣ್ಣು ಹೋಯಿತು. ನಾನು ಇಪ್ಪತ್ತನಾಲ್ಕು ವರ್ಷದವಳಿದ್ದಾಗ ಸೊಂಟದ ತನಕ ನೀರಲ್ಲಿ ನಿಂತು ತಂದದ್ದು."

ನಾನು ತಲೆ ತಗ್ಗಿಸಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

"ಕಾಲು ಹಾರುತ್ತದೆ, ಪ್ರಮೀಳಾ. ನನಗೆ ಎಷ್ಟು ಸಲ ಹಾರಿದೆ. 'ಕಳೆದುಹೋಯಿತು' ಅಂತ ಬರೆದರೆ ಮುಗಿಯಿತು. ಒಂದು ಪದ. ಪ್ರಪಂಚದ ಎಲ್ಲ ವರ್ಣನೆಗಳಲ್ಲೂ ಆ ಪದ ಇದೆ. ಅದು ಗೊತ್ತಿರಲಿಲ್ಲವಾ ನಿನಗೆ?"

ಗೊತ್ತಿರಲಿಲ್ಲ. ಹಗಲು ಓದಿದವರಿಗೆಲ್ಲ ಗೊತ್ತಿರುವ, ನನಗೆ ತಪ್ಪಿಹೋದ ಆ ಒಂದು ಇದೇ ಇರಬೇಕು. ಆದರೆ ಹಾಗೆ ಹೇಳಿ ತಪ್ಪಿಸಿಕೊಳ್ಳುವ ಮನಸ್ಸಾಗಲಿಲ್ಲ. ಗೊತ್ತಿರದಿದ್ದರೆ ಕೇಳಬಹುದಿತ್ತು.

"ಬೆಂಚಿನ ಪುಸ್ತಕ ತಾ" ಎಂದರು.

ತಂದೆ. ಆ ಬುಧವಾರದ ಪುಟ ತೆಗೆಸಿದರು. ನಾನು ಹಳೆಯ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಹೊಡೆಯಬೇಡ. ಅದು ಹಾಗೇ ಇರಲಿ. ಕೆಳಗೆ ಬರೆ."

ಬರೆದೆ. ಅವತ್ತಿನ ತಾರೀಖು ಹಾಕಿ, ನಿಜವಾಗಿ ನಡೆದದ್ದು. ಆ ಸಣ್ಣ ಜಾಗದಲ್ಲಿ ಹಿಡಿಸದೆ ಅಂಚಿನಲ್ಲೆಲ್ಲ ಬರೆಯಬೇಕಾಯಿತು.

ಮೇಡಂ ತಾವೇ ತಿದ್ದುಪಡಿ ಲೇಖನ ಬರೆದರು. ಅದರಲ್ಲಿ 'ಮೂಲ ಮಾದರಿಯ ಸ್ಲೈಡನ್ನು ಖುದ್ದಾಗಿ ಪರೀಕ್ಷಿಸದೆ ಇದ್ದದ್ದು ಮೊದಲ ಲೇಖಕಿಯ ಲೋಪ' ಎಂದು ಒಂದು ಸಾಲು ಸೇರಿಸಿದ್ದರು. ಅದನ್ನು ತೆಗೆಯಿರಿ ಎಂದು ನಾನು ಅತ್ತೆ. ತೆಗೆಯಲಿಲ್ಲ. ನಿವೃತ್ತಿಯ ಸಮಾರಂಭ ಬೇಡ ಎಂದರು, ಚಿನ್ನದ ಬಣ್ಣದ ಆಮಂತ್ರಣಗಳು ಸ್ಟೋರ್ ರೂಮಿಗೆ ಹೋದವು. ಕೇಂದ್ರದವರು ನನ್ನನ್ನು ಬಾಟಲಿ ತೊಳೆಯುವ ಕೋಣೆಗೆ ಕಳಿಸಿದರು. ಆರು ತಿಂಗಳು ಸೂಜಿ ಮುಟ್ಟಬಾರದು. ನ್ಯಾಯವಾದದ್ದೇ. ಊಟದ ಹೊತ್ತಿಗೆ ಕೆಲವರು ನಾನು ಕೂತ ಮೇಜಿನಿಂದ ಎದ್ದುಹೋಗುತ್ತಿದ್ದರು. ರೋಕಿ ಮಾತ್ರ ಡಬ್ಬಿ ಹಿಡಿದು ಬಂದು ಎದುರು ಕೂರುತ್ತಿದ್ದರು, ಏನೂ ಮಾತಾಡದೆ. ಮಾತಿಲ್ಲದ ರೋಕಿಯನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಜಟ್ಟಪ್ಪನವರಿಗೆ ಹೇಳಿದ ದಿನ ಅವರು ದಡದಲ್ಲಿ ಬಲೆ ಸರಿಮಾಡುತ್ತಿದ್ದರು. ದೋಣಿಯ ಹೆಸರು ಅಳಿಸಿಬಿಡಿ ಎಂದೆ.

"ಎಂತಕೆ?"

"ಅದು ತಪ್ಪು ಹೆಸ್ರು. ಅಂಥ ಕುಲನೇ ಇಲ್ಲ."

ಅವರು ಬಲೆಯ ಕಣ್ಣೊಳಗೆ ದಾರ ಹಾಯಿಸಿ ಗಂಟು ಹಾಕಿದರು. ಕಡಲು ಖಾಲಿಯಾದ ಆ ವರ್ಷಗಳಲ್ಲಿ ಅವರು ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ, ನಿಮ್ಮ ಹುಳ ಯಾವಾಗ ಬಿಡ್ತ್ರಿ ಎಂದು. ಒಂದು ವರ್ಷ ನಾನೇ ತಡ ಮಾಡಿದ್ದೆ.

"ಪುಸ್ತಕದಿಂದ ಅಳಿಸಿದ್ರಾ?" ಎಂದು ಕೇಳಿದರು.

"ಇಲ್ಲ. ಅಲ್ಲಿ ಅಳಿಸುದಿಲ್ಲ."

ಅದು ಈ ವಿದ್ಯೆಯ ಕಟ್ಟಳೆ. ಒಮ್ಮೆ ಅಚ್ಚಾದ ಹೆಸರು ತಪ್ಪೆಂದು ಗೊತ್ತಾದರೂ ಪಟ್ಟಿಯಿಂದ ತೆಗೆಯುವುದಿಲ್ಲ. ಸರಿಯಾದ ಹೆಸರಿನ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಇಸವಿಯ ಜೊತೆ ಅದು ಉಳಿಯುತ್ತದೆ: ಪ್ರಮಿಲೆಲ್ಲಾ, ಬೇರೆ ಪ್ರಾಣಿಯ ಕಾಲಿನ ಮೇಲೆ ಆಧರಿಸಿದ್ದು. ಮುಂದೆ ಯಾರು ಈ ಕುಲದ ಬಗ್ಗೆ ಬರೆದರೂ ಆ ಸಾಲನ್ನು ಮತ್ತೆ ಬರೆಯಲೇಬೇಕು. ನಾನು ಸತ್ತ ಮೇಲೂ.

"ಮತ್ತೆ ಇಲ್ಲೂ ಇರ್ಲಿ" ಎಂದರು ಜಟ್ಟಪ್ಪ. ನನ್ನ ಮುಖ ನೋಡಲಿಲ್ಲ. ಆ ದಿನ ಅಷ್ಟೇ ಮಾತು. ಹಳದಿ ಬಣ್ಣ ಈಗ ಉಪ್ಪು ತಿಂದು ಮಾಸಿದೆ, ಆದರೂ ಓದಬಹುದು.

ಐದನೇ ತಿಂಗಳಲ್ಲಿ ರೋಕಿ ಬಾಟಲಿ ಕೋಣೆಯ ಬಾಗಿಲಿಗೆ ಬಂದರು.

"ಅಕ್ಕ, ಸ್ವಲ್ಪ ಬನ್ನಿ. ಸೂಜಿ ಮುಟ್ಟಬಾರ್ದು ಅಂತ ಹೇಳಿದ್ದು, ಕಣ್ಣು ಮುಟ್ಟಬಾರ್ದು ಅಂತ ಹೇಳಿಲ್ಲ."

ಕೊನೆಯ ಮೂರು ಹೆಣ್ಣುಗಳಿಂದ ಬಂದ ಸಂತತಿ. ಸೂಕ್ಷ್ಮದರ್ಶಕದಲ್ಲಿ ಒಂದು ಜೋಡಿ ಇತ್ತು. ಗಂಡು ತನ್ನ ತೆಳ್ಳಗಿನ ಕೈಯಿಂದ ಹೆಣ್ಣಿನ ಬೆನ್ನಿನ ಅಂಚನ್ನು ಹಿಡಿದಿತ್ತು. ಹೆಣ್ಣಿನ ಪೊರೆ ಬಿರಿಯಿತು. ಅದು ನಿಧಾನವಾಗಿ, ಅಂಗಿ ಕಳಚಿದಂತೆ ಹೊರಗೆ ಬಂತು. ಗಂಡಿನ ಕೈ ಸ್ವಲ್ಪ ಸಡಿಲವಾಯಿತು, ಮತ್ತೆ ಹಿಡಿಯಿತು. ಮೆತ್ತನೆಯ ಬೆನ್ನಿನ ಮೇಲೆ ಒಂದು ಗೀರೂ ಇರಲಿಲ್ಲ. ನಾನು ಎಷ್ಟು ಹೊತ್ತು ನೋಡಿದೆನೋ. ಕಣ್ಣು ತೆಗೆದಾಗ ಗಾಜಿನ ಸುತ್ತ ತೇವವಾಗಿತ್ತು, ರೋಕಿ ಅದನ್ನು ಒರೆಸಿಟ್ಟರು.

ಮಳೆಗಾಲ ಮುಗಿದ ಮೇಲೆ ಅವನ್ನು ಅಳಿವೆಗೆ ಬಿಟ್ಟರು. ನಾನು ಗುಂಪಿನ ಹಿಂದೆ ನಿಂತಿದ್ದೆ. ಅಮ್ಮನೂ ಬರುತ್ತೇನೆ ಎಂದಿದ್ದಳು, ಆದರೆ ದಾರಿಯಲ್ಲಿ ಮೀನು ಪೇಟೆಯ ಹತ್ತಿರ ನಿಂತುಬಿಟ್ಟಳು. "ನೀ ಹೋಗು, ನಂಗೆ ಇಲ್ಲಿ ಸ್ವಲ್ಪ ಕೆಲ್ಸ ಅದೆ" ಎಂದಳು. ತಿರುಗಿ ನೋಡಿದೆ. ಅವಳು ಹಾಲಿನ ಅಂಗಡಿಯ ಬದಿಗೆ ಹೋಗದೆ ನೇರವಾಗಿ ನಡೆಯುತ್ತಿದ್ದಳು.

ತಪ್ಪು ವರ್ಣನೆಯ ಜಾಗಕ್ಕೆ ಹೊಸ ವರ್ಣನೆ ಬರೆಯಬೇಕಾಗಿತ್ತು. ಆರು ತಿಂಗಳು ಮುಗಿದ ಮರುದಿನ ಮೇಡಂ ಮನೆಯಿಂದ ಕಾರಿನಲ್ಲಿ ಬಂದು, ನನ್ನ ಮುಂದೆ ಒಂದು ಗಂಡನ್ನಿಟ್ಟು ಪಕ್ಕದಲ್ಲಿ ಕುರ್ಚಿ ಎಳೆದು ಕೂತರು.

"ಈ ಸಲ ನಾನು ಇಲ್ಲೇ ಕೂತಿರುತ್ತೇನೆ" ಎಂದರು. "ಹಾರಿದರೆ ಹಾರಿತು ಅಂತ ಹೇಳು."

ಬಲ ಎರಡನೇ ಹಿಡಿಗಾಲು ಹಾರಿತು. "ಹಾರಿತು ಮೇಡಂ" ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಪುಸ್ತಕದಲ್ಲಿ ಬರೆದೆ: ಬಲ, ಕಳೆದುಹೋಯಿತು. ಆಮೇಲೆ ಉಸಿರು ಹಿಡಿದು ಇನ್ನೊಂದು ಕಡೆಯದನ್ನು ತೆಗೆದು, ಸ್ಲೈಡಿಗೆ ಹಾಕಿ, ಚಿತ್ರ ಬರೆದೆ. ಚಿತ್ರದ ಕೆಳಗೆ ರೂಢಿಯಂತೆ ಬರೆಯುವುದು ಮೂರೇ ಪದ. ನಾನು ಮುಂದೆ ಇನ್ನೊಂದು ಸೇರಿಸಿದೆ. ಇದು ಬೇಕಿಲ್ಲ ಎಂದು ಸಂಪಾದಕರು ಆಮೇಲೆ ಹೊಡೆದುಹಾಕಿದರು. ಆದರೆ ಬೆಂಚಿನ ಪುಸ್ತಕದಲ್ಲಿ ಅದು ಇದೆ.

'ಎಡ ಎರಡನೇ ಹಿಡಿಗಾಲು. ಅದರದೇ.'